ಕೆಂಪು ನೆಲಕ್ಕೊಂದು ಮಷೀನು

ತೀರ್ಥಹಳ್ಳಿಯ ಮೂಳೆ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಮನೇಲಿ ನೆಲ ಯಾರಮ್ಮ ಒರೆಸೋದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ದೂರು ಕೊಟ್ಟಾಯಿತು. "ಇವಳೇ ಸಾರ್. ಬೇರೆಯವರು ಒರೆಸಿದ್ರೆ ಇವಳಿಗೆ ಸಮಾಧಾನ ಆಗಲ್ಲ."

"ನಿಂತ್ಕೊಂಡು ಒರೆಸ್ತೀರಾ, ಕೂತಾ?"

"ನಿಂತು ಒರೆಸಿದ್ರೆ ಅದು ಒರೆಸಿದ ಹಾಗಲ್ಲ" ಎಂದೆ.

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಇನ್ನು ಕುಕ್ಕರಗಾಲಿನಲ್ಲಿ ಕೂರುವುದೂ ಬೇಡ, ಮಂಡಿಯೂರುವುದೂ ಬೇಡ, ಹಠ ಮಾಡಿದರೆ ಮುಂದೆ ಆಪರೇಶನ್ನೇ ಗತಿ ಎಂದು ಬಿಡಿಸಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರ ಮೇಲಲ್ಲ, ಮಂಡಿಯ ಮೇಲೆ. ಇಷ್ಟು ವರ್ಷ ಹೇಳಿದ ಮಾತು ಕೇಳಿಕೊಂಡಿದ್ದದ್ದು ಈಗ ಎದುರು ಮಾತಾಡಲು ಕಲಿತಿತ್ತು.

ಸಾಗರಕ್ಕೆ ವಾಪಸು ಬರುವಾಗ ಕಾರಿನಲ್ಲಿ ಇವರು ತೀರ್ಪು ಕೊಟ್ಟರು. "ಮಳೆಗಾಲ ಮುಗ್ದ ಕೂಡ್ಲೇ ಟೈಲ್ಸ್ ಹಾಕ್ಸಿಬಿಡನ. ಹಳೇ ನೆಲ ಒಡೆಯದೂ ಬೇಡ, ಅದರ ಮೇಲೇ ಕೂರಿಸ್ಲಕ್ಕು. ನೀನು ನಿಂತ್ಕಂಡು ಮಾಪು ಎಳೆದ್ರೆ ಆತು."

"ಬೇಕಾದ್ರೆ ನಿಂಗಳ ತಲೆ ಮೇಲೆ ಹಾಕ್ಸ್ಕಳಿ ಟೈಲ್ಸು. ಅಲ್ಲೂ ನುಣ್ಣಗೇ ಇದ್ದು" ಎಂದೆ.

ನಮ್ಮದು ಪೇಟೆಯ ಒಂದು ಅಡ್ಡರಸ್ತೆಯ ಮನೆ. ಎರಡೂ ಪಕ್ಕದಲ್ಲಿ ಅಂಗಡಿಗಳು ಎದ್ದಿವೆ. ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಒಂದೇ, ಕೆಂಪು ಗಾರೆ ನೆಲ. ನಾನು ಮದುವೆಯಾಗಿ ಬಂದ ವರ್ಷ ಅದನ್ನು ಹಾಕಿಸಿದ್ದು. ಗಾರೆಯವರು ಸಿಮೆಂಟಿಗೆ ಕೆಂಪು ಪುಡಿ ಕಲಸಿ ಎಳೆದು ಹೋದರು. ಉಳಿದದ್ದು ನಮ್ಮ ಪಾಲಿಗೆ. ಅತ್ತೆ, ನಾನು, ಅಕ್ಕಪಕ್ಕದ ಹೆಂಗಸರು ಸಾಲಾಗಿ ಕೂತು ಮೇಣ ಹಚ್ಚಿ ತೆಂಗಿನಕಾಯಿ ಸಿಪ್ಪೆಯಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಹೊಸ ಮದುವಣಗಿತ್ತಿಯ ಕೈಯ ಮದರಂಗಿ ಯಾವುದು, ನೆಲದ ಕೆಂಪು ಯಾವುದು ಎಂದು ಅವರೆಲ್ಲ ನನ್ನನ್ನು ಗೋಳುಹೊಯ್ದುಕೊಂಡರು. ಕೊನೆಗೆ ನೆಲದಲ್ಲಿ ಮುಖ ಕಾಣಿಸುವ ಹಾಗಾಯಿತು.

ಆಗ ಊಟದ ಮನೆಯ ಮೂಲೆಯಲ್ಲಿ ಒರಳುಕಲ್ಲು ಹೂತಿತ್ತು. ನೆಲ ಅದರ ಸುತ್ತ ಬಂತು. ಆಮೇಲೆ ಗ್ರೈಂಡರ್ ಬಂದಾಗ ಒರಳನ್ನು ಕಿತ್ತು ಹಿತ್ತಿಲಿಗೆ ಉರುಳಿಸಿದೆವು, ನೆಲದಲ್ಲಿ ಗುಂಡಿ ಉಳಿಯಿತು. ಅಷ್ಟು ಸಣ್ಣ ಕೆಲಸಕ್ಕೆ ಯಾವ ಮೇಸ್ತ್ರಿ ಬರುತ್ತಾನೆ? ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಎನ್ನುತ್ತ ಕಾಲ ತಳ್ಳಿದ. ಒಂದು ಬೆಳಿಗ್ಗೆ ಅತ್ತೆಯ ತಾಳ್ಮೆ ಮುಗಿಯಿತು. ಹಳೆಯ ಬೋಗುಣಿಯಲ್ಲಿ ಸಿಮೆಂಟು, ಕೆಂಪು ಪುಡಿ ಕಲಸಿ, ಮೇಸ್ತ್ರಿಯ ಹಿಂದುಮುಂದನ್ನೆಲ್ಲ ಬೈಯುತ್ತ, ಆ ಗುಂಡಿಯನ್ನು ತಾವೇ ಮುಚ್ಚಿದರು. ಕರಣೆ ಎಲ್ಲಿತ್ತು? ಬರಿಗೈಯಲ್ಲೇ ಸವರಿದರು. "ನೋಡೇ, ಹ್ಯಾಂಗಿದ್ದು?" ಎಂದು ಸಿಮೆಂಟು ಹತ್ತಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ನನ್ನನ್ನು ಕೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ತೇಪೆ ಆಮೇಲೆ ಸ್ವಲ್ಪ ತಗ್ಗಿತು. ಅದರ ಮೇಲೆ ಅತ್ತೆಯ ನಾಲ್ಕು ಬೆರಳು ಎಳೆದ ಗೆರೆಗಳಿವೆ. ಕಣ್ಣಿಗೆ ಕಾಣುವುದಿಲ್ಲ, ನೆಲಕ್ಕೆ ಅಂಗೈ ಊರಿ ಸವರಿದರೆ ಮಾತ್ರ ಗೊತ್ತಾಗುತ್ತದೆ. ಅತ್ತೆ ಹೋಗಿ ಬಹಳ ವರ್ಷಗಳಾದವು. ಗೋಡೆಯ ಫೋಟೋಕ್ಕೆ ಹಾರ ಹಾಕುತ್ತೇನೆ, ಆದರೆ ಫೋಟೋದಲ್ಲಿ ಅವರು ಯಾರೋ ಪರಿಚಯದವರ ಹಾಗೆ ಗಂಭೀರವಾಗಿ ಕೂತಿದ್ದಾರೆ. ನನಗೆ ಅವರು ದಿನಾ ಸಿಗುತ್ತಿದ್ದದ್ದು ನೆಲ ಒರೆಸುವಾಗ, ಆ ಮೂಲೆಯಲ್ಲಿ. ಒಮ್ಮೆ ಇವರನ್ನು ಕರೆದು ತೋರಿಸಿದ್ದೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಿಂತಲ್ಲಿಂದಲೇ ಬಗ್ಗಿ ನೋಡಿ, "ಎಂತೂ ಕಾಣ್ತಿಲ್ಲೆ" ಎಂದು ಪೇಪರ್ ಓದಲು ಹೋದರು.

ಟೈಲ್ಸ್ ಬಂದರೆ ಅತ್ತೆಯ ಕೈ ಅದರ ಅಡಿಗೆ ಹೋಗುತ್ತದೆ. ನನ್ನ ಸಂಕಟ ಅದು. ಆದರೆ ಅದನ್ನು ಹೇಗೆ ಹೇಳುವುದು? ಮಗನಿಗೇ ಕಾಣದ್ದು ಸೊಸೆಗೆ ಕಾಣುತ್ತದೆ ಎಂದರೆ ನನ್ನ ಕಿವಿಗೇ ನಾಟಕದ ಮಾತಿನಂತೆ ಕೇಳುತ್ತದೆ. ಹಾಗಾಗಿ ಜಗಳ ಆಡಿದೆ. ಎರಡು ದಿನ ಜಗಳವಾದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಮಳೆಗಾಲ ಮುಗಿಯುವುದರೊಳಗೆ, ಕೂರದೆ, ನನ್ನ ಮನಸ್ಸಿಗೆ ಒಪ್ಪುವ ಹಾಗೆ ಈ ನೆಲ ಒರೆಸುವ ದಾರಿ ಹುಡುಕಿಕೊಂಡರೆ ನೆಲ ಉಳಿಯುತ್ತದೆ. ಇಲ್ಲದಿದ್ದರೆ ಮೇಸ್ತ್ರಿ ಬರುತ್ತಾನೆ.

ಕೋಲಿನ ಮಾಪು ಮೊದಲ ದಿನವೇ ಸೋತಿತು. ಕೆಂಪು ನೆಲ ಬಲು ಚಾಡಿಕೋರ, ಎಲ್ಲಿ ನೀರು ಉಳಿಯಿತು, ಎಲ್ಲಿ ಬಟ್ಟೆ ಮುಟ್ಟಲಿಲ್ಲ, ಎಲ್ಲವನ್ನೂ ಒಣಗಿದ ಮೇಲೆ ಬಿಳಿ ಗೆರೆ ಎಳೆದು ಹೇಳುತ್ತದೆ. ಆಗ ಹೊಸನಗರದಲ್ಲಿರುವ ನನ್ನ ತಂಗಿ ಫೋನಿನಲ್ಲಿ, "ಅಕ್ಕಾ, ನೀರು ಹಾಕಿ ತಿಕ್ಕಿ ತಾನೇ ಎಳ್ಕಂಬ ಮಷೀನು ಬಂಜಲೆ. ವಯರೂ ಇಲ್ಲೆ. ಯಂಗಳ ಮನೇಲಿ ಅದೇ ಇದ್ದು" ಎಂದಳು.

ಫೋನಿನಲ್ಲಿ ಅದರ ವಿಡಿಯೋಗಳನ್ನು ನೋಡಿದೆ. ಎಲ್ಲದರಲ್ಲೂ ಬಿಳಿ ನೆಲ, ಬಿಳಿ ಸೋಫಾ. ಒಬ್ಬಳು ನೆಲದ ಮೇಲೆ ಲೋಟಗಟ್ಟಲೆ ಹಾಲು ಚೆಲ್ಲಿ ನಗುತ್ತಾಳೆ. ಹಾಲು ಚೆಲ್ಲಿ ನಗುವ ಹೆಂಗಸನ್ನು ನಾನು ನೋಡಿದ್ದು ಅಲ್ಲೇ. ಹೀಗೆ ತಿಳಿಯುವ ವಿಷಯವಲ್ಲ ಎಂದು ಸಾಗರದ ಒಂದು ಅಂಗಡಿಗೆ ಹೋದೆ.

ಅಂಗಡಿಯವನು ಒಳ್ಳೆಯವನು, ನಗುಮುಖದವನು. ಟೊಮೇಟೊ ಸಾಸ್ ಚೆಲ್ಲಿ ಮಷೀನು ಓಡಿಸಿದ, ನೆಲ ಫಳಫಳ. "ನೋಡಿದ್ರಾ ಅಮ್ಮಾ?"

"ನಮ್ಮನೇಲಿ ಸಾಸ್ ಚೆಲ್ಲೋರು ಯಾರೂ ಇಲ್ಲ. ಒಣಗಿದ ದೋಸೆ ಹಿಟ್ಟು ತೆಗೀತದಾ?"

ಅವನ ಹತ್ತಿರ ದೋಸೆ ಹಿಟ್ಟು ಇರಲಿಲ್ಲ. ಎರಡು ಮೂರು ಸಲ ಹಿಂದೆ ಮುಂದೆ ಎಳೆದರೆ ಹೋಗುತ್ತದೆ ಎಂದ. ಆಮೇಲೆ ನಾನು ಹೊಸ್ತಿಲು ಎಲ್ಲಿ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಒಂದೊಂದು ಕೋಣೆಗೂ ಗೇಣೆತ್ತರದ ಹೊಸ್ತಿಲಿದೆ. ಈ ಮಷೀನು ನೆಲದ ಮೇಲೆ ತಾನೇ ಮುಂದೆ ಹೋಗುವುದು ಸರಿ, ಹೊಸ್ತಿಲು ದಾಟಿಸಬೇಕಾದವಳು ನಾನು. ಅಂಗಡಿಯ ನುಣ್ಣನೆ ನೆಲದ ಮೇಲೆ ಯಾವ ಮಷೀನೂ ಹಗುರವೇ. ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಇಡಿಸಿ, ಟ್ಯಾಂಕಿಗೆ ಪೂರ್ತಿ ನೀರು ತುಂಬಿಸಿ, ಒಂದೊಂದನ್ನೇ ಎತ್ತಿ ಆಚೆ ಇಟ್ಟು ನೋಡಿದೆ. ಅವನು ಬಹಳ ಹೊಗಳಿದ್ದ ದೊಡ್ಡದನ್ನು ಎತ್ತಿದಾಗ ಮಂಡಿ ಅಲ್ಲೇ ಕಟಕ್ ಎಂದಿತು. ಅದು ಬೇಡವಾಯಿತು. ಇನ್ನೊಂದರ ಹಿಡಿಯನ್ನು ನೆಲಕ್ಕೆ ಪೂರ್ತಿ ಮಲಗಿಸಿದರೆ ಮಂಚದಡಿ ಹೋಗುತ್ತದೆ, ಆದರೆ ಅದರಡಿ ತಿರುಗುವ ಬ್ರಷ್ಷಿನ ಉರುಳೆಯ ಎಳೆ ಬಿರುಸು. ಮೇಣ ಕುಡಿದ ನೆಲಕ್ಕೆ ಅದು ತರಚುಗಾಯ ಮಾಡುತ್ತದೆ. ನಾನು ಬಗ್ಗಿ ಬಗ್ಗಿ ಎಲ್ಲ ಉರುಳೆಗಳನ್ನೂ ಕೆನ್ನೆಗೆ ತಾಗಿಸಿ ನೋಡುವುದನ್ನು ಕಂಡು ಅವನು ತಡೆಯಲಾರದೆ ಕೇಳಿದ. "ಅಮ್ಮಾ, ಮಷೀನ್ ತಗೊಳೋಕೆ ಬಂದ್ರಾ, ಸೊಸೆ ನೋಡೋಕೆ ಬಂದ್ರಾ?"

"ಸೊಸೆಗೆ ಇಷ್ಟು ಪರೀಕ್ಷೆ ಇಟ್ರೆ ಯಾರಪ್ಪ ಬರ್ತಾರೆ ನಮ್ಮನೆಗೆ?" ಎಂದೆ. ಕೊಳ್ಳದೆ ಎದ್ದುಬಂದೆ, ಅವನಿಗೆ ಬೇಜಾರಾಗಲಿಲ್ಲ.

ಕೊಂಡವರ ಬಾಯಲ್ಲಿ ಕೇಳಬೇಕು ಎಂದು ಹೊಸನಗರಕ್ಕೆ ಹೋದೆ. ತಂಗಿಯ ಮನೆಯಲ್ಲಿ ಟೈಲ್ಸ್, ಹೊಸ್ತಿಲೆಂಬ ಶಾಸ್ತ್ರಕ್ಕೆ ಒಂದು ಪಟ್ಟಿ. ಮಷೀನು ಚೆನ್ನಾಗಿ ಓಡಿತು. ಹತ್ತಿರ ಹೋದರೆ ಮಾತ್ರ ಏನೋ ವಾಸನೆ. "ಎಂತದೇ ಇದು, ನೆಂದ ನಾಯಿ ವಾಸನೆ ಬತ್ತಲೆ?" ಎಂದು ಕೇಳಿದೆ.

"ಮಳೆಗಾಲದಲ್ಲಿ ಉರುಳೆ ಒಣಗ್ತಿಲ್ಲೆ ಮಾರಾಯ್ತಿ. ನೀನು ತಗಂಬುದಾದ್ರೆ ಬಿಸಿಗಾಳಿ ಬಿಟ್ಟು ಒಣಗಿಸ್ತಲೆ, ಅಂಥದ್ದೇ ತಗ. ಮತ್ತೆ ಮಷೀನಿನ ಜೊತೆ ಕೊಡ ಲಿಕ್ವಿಡ್ಡು ನಿನ್ನ ನೆಲಕ್ಕೆ ಹಾಕಡ, ಮೇಣ ಪೂರಾ ಹೋಗ್ತು."

ಅವಳು ಮಷೀನಿನ ಹೊಟ್ಟೆ ಬಿಚ್ಚಿ ತೋರಿಸಿದಳು. ಒಳ್ಳೆ ನೀರಿಗೆ ಒಂದು ಟ್ಯಾಂಕು, ಕೊಳೆ ನೀರಿಗೆ ಇನ್ನೊಂದು, ಎರಡೂ ಗಾಜಿನಂತೆ ಕಾಣುತ್ತವೆ. ಈಗಷ್ಟೇ ಓಡಿಸಿದ್ದರಿಂದ ಕೊಳೆ ಟ್ಯಾಂಕು ಕಪ್ಪು ಕಷಾಯದಂತೆ ತುಂಬಿತ್ತು. ನನಗೆ ನಾಚಿಕೆಯಾಯಿತು, ಅವಳ ಮನೆಯ ಕೊಳೆಗಲ್ಲ. ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ, ಅದೇ ನೀರಿನಲ್ಲಿ ಮತ್ತೆ ಅದ್ದಿ, ಒಂದು ಕೋಣೆಯದನ್ನು ಇನ್ನೊಂದು ಕೋಣೆಗೆ ಸಾಗಿಸುವುದನ್ನೇ ನಾನು ಇಷ್ಟು ದಿನ ಶುದ್ಧ ಎಂದುಕೊಂಡಿದ್ದೆನಲ್ಲ. ಆದರೂ ಊಟದ ಮನೆಯ ಎಂಜಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದು ದೇವರ ಕೋಣೆಗೆ ಹೋಗುತ್ತದಲ್ಲ ಎಂದಾಗ ತಂಗಿ ಹೊಟ್ಟೆ ಹಿಡಿದು ನಕ್ಕಳು. "ಯಂಗ ಊಟ ಮಾಡ್ಕಂಡು ದೇವ್ರ ಕೋಣೆಗೆ ಹೋಗ್ತಿಲ್ಯನೇ? ಯಂಗಳ ಹೊಟ್ಟೇಲಿ ಇಪ್ಪದು ಎಂತ?" ಎಂದಳು.

ಕೊನೆಗೆ ಹಗುರವಾದ, ಮೆತ್ತನೆ ಉರುಳೆಯ, ಬಿಸಿಗಾಳಿಯಲ್ಲಿ ತಾನೇ ಒಣಗುವ ಒಂದನ್ನು ಅದೇ ಸಾಗರದ ಅಂಗಡಿಯಿಂದ ತಂದೆವು. ಕರೆಂಟು ಹೋದರೂ ಚಾರ್ಜಿನಲ್ಲಿ ಇಡೀ ಮನೆ ಮುಗಿಸುತ್ತಿತ್ತು. ಮೊದಲ ದಿನ ನೆಲ ಒಣಗುವುದನ್ನು ನಾನು ಪರೀಕ್ಷೆಯ ಫಲಿತಾಂಶ ಕಾಯುವವಳಂತೆ ಕಾಯುತ್ತ ನಿಂತಿದ್ದೆ. ಒಂದು ಗೆರೆ ಇಲ್ಲ! ಕೆಂಪು ನೆಲ ಬೆಳಗುತ್ತಿತ್ತು. ಖುಷಿಗೆ ಕಣ್ಣಲ್ಲಿ ನೀರು ಬಂತು. ಒಂದೇ ಕಡೆ, ಅತ್ತೆಯ ತೇಪೆಯ ತಗ್ಗಿನಲ್ಲಿ ಮಾತ್ರ, ಬೊಗಸೆ ನೀರು ನಿಂತಿತು. ಉರುಳೆ ಅಲ್ಲಿಗೆ ಇಳಿಯುವುದಿಲ್ಲ.

ಆಮೇಲೆ ಆದದ್ದನ್ನು ನಾನು ಎಣಿಸಿರಲೇ ಇಲ್ಲ. ಇವರು "ಎಲ್ಲಿ, ಕೊಡು ನೋಡನ" ಎಂದು ಹಿಡಿ ಹಿಡಿದವರು ಬಿಡಲಿಲ್ಲ. ಕಾರ್ಗಲ್ಲಿನ ಪವರ್ ಹೌಸಿನಲ್ಲಿ ಟರ್ಬೈನು ನೋಡಿಕೊಂಡು ರಿಟೈರಾದ ಮನುಷ್ಯ. ಮದುವೆಯಾದಾಗಿನಿಂದ ಒರೆಸುವ ಬಟ್ಟೆ ಯಾವ ಮೊಳೆಯಲ್ಲಿ ತೂಗುತ್ತದೆ ಎಂದು ಗೊತ್ತಿಲ್ಲದವರು. ಈಗ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಮಷೀನು ಹೊರಡಿಸುತ್ತಾರೆ, ತಾವೇ ಹೊಸ್ತಿಲು ದಾಟಿಸುತ್ತಾರೆ, ಕೊಳೆ ನೀರು ಚೆಲ್ಲಿ ಟ್ಯಾಂಕು ತೊಳೆದು ಗಾಳಿಗಿಡುತ್ತಾರೆ. ಅದೇ ನೆಲ, ಅದೇ ಕೊಳೆ. ಒಂದು ಹಿಡಿ, ಒಂದು ಬ್ಯಾಟರಿ ಬಂದ ಕೂಡಲೇ ಅದು ಗಂಡಸರು ಮಾಡಬಹುದಾದ ಕೆಲಸವಾಯಿತು. ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯದೆ ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಕೈ ಖಾಲಿಯಾಗಿ ಕೂರುವುದು ನನಗೆ ಅಭ್ಯಾಸವಿರಲಿಲ್ಲ.

ಆದರೆ ಯಜಮಾನಿಕೆ ಕೈಗೆ ಬಂದ ಮೇಲೆ ಇವರ ಕಣ್ಣಿಗೆ ಆ ತಗ್ಗು ಬಿತ್ತು. ನಾನು ಕರೆದು ತೋರಿಸಿದಾಗ ಕಾಣದ್ದು ಮಷೀನು ತೋರಿಸಿದಾಗ ಕಂಡಿತು. "ಇಲ್ಲಿ ನೀರು ನಿಲ್ತು. ಟೈಲ್ಸ್ ಹಾಕಿದ್ರೆ ಇದು ಇನ್ನೂ ಲಾಯ್ಕ ಓಡ್ತು" ಎಂದು ಶುರುಮಾಡಿದರು. ನೆಲ ಉಳಿಸಲು ತಂದ ಮಷೀನೇ ನೆಲದ ಮೇಲೆ ಚಾಡಿ ಹೇಳತೊಡಗಿತು. ಹಾಗಾಗಿ ಇವರು ಪೇಟೆಗೆ ಹೋದಾಗ ನಾನು ಕದ್ದು ಕೂತು ಆ ನೀರನ್ನು ಕೈಯಲ್ಲಿ ಒರೆಸುತ್ತಿದ್ದೆ. ಒಂದು ದಿನ ಕೂತವಳಿಗೆ ಏಳಲಾಗಲಿಲ್ಲ. ಗೋಡೆ ಹಿಡಿದೆ, ಬಾಗಿಲು ಹಿಡಿದೆ, ಮಂಡಿ ನೆಟ್ಟಗಾಗಲಿಲ್ಲ. ಇವರು ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಅಲ್ಲೇ ನಿಂತು ಮೇಸ್ತ್ರಿಗೆ ಫೋನು ಮಾಡಿ, "ಅಮ್ಮನ ತಿಥಿ ಮುಗಿದ ಮಾರನೇ ದಿನ ಬಂದು ಅಳತೆ ತಗೊಳಪ್ಪ" ಎಂದರು. ಪ್ರೀತಿಯಿಂದ ಮಾಡಿದ ಕೆಲಸದ ಎದುರು ಜಗಳ ಆಡುವುದು ಹೇಗೆ? ನಾನು ಸೋತೆ ಎಂದುಕೊಂಡೆ.

ತಿಥಿಯ ಮುನ್ನಾದಿನ ಇವರು ಮಷೀನು ಹಿಡಿದು ಊಟದ ಮನೆಗೆ ಹೊರಟರು. ನಾನು ಅಡ್ಡ ನಿಂತೆ. "ದಿನಾ ಎಂಜಲು ಕುಡಿದ ಮಷೀನು ಅದು. ನಾಳೆ ಭಟ್ರು ಊಟಕ್ಕೆ ಕೂರ ಜಾಗ. ಅಲ್ಲಿಗೆ ಗೋಮಯವೇ ಬೇಕು."

ಇವರು ವಾಪಸು ಹೋದರು. ನಾನು ಅಡಿಗೆಮನೆಯಲ್ಲಿ ಪಾತ್ರೆ ತೆಗೆದಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮಷೀನಿನ ಸದ್ದು ಕೇಳಿತು, ಹಿಂದೆಯೇ ಕೊಟ್ಟಿಗೆಯ ಘಮ. ಓಡಿಬಂದು ನೋಡುತ್ತೇನೆ, ಪುಣ್ಯಾತ್ಮರು ಪಕ್ಕದ ಬೀದಿಯ ದನದ ಮನೆಯಿಂದ ಸಗಣಿ ತಂದು, ನೀರಲ್ಲಿ ಕದಡಿ, ನನ್ನ ಕಷಾಯ ಸೋಸುವ ಬಟ್ಟೆಯಲ್ಲಿ ಸೋಸಿ, ಒಳ್ಳೆ ನೀರಿನ ಟ್ಯಾಂಕಿಗೆ ತುಂಬಿಸಿದ್ದಾರೆ! ಮಷೀನಿಗೂ ಶುದ್ಧ, ನೆಲಕ್ಕೂ ಶುದ್ಧ ಎಂಬ ಲೆಕ್ಕ. ಅದು ಎರಡು ಸಲ ಗೊಳಗೊಳ ಎಂದಿತು, ಕೆಂಪು ದೀಪ ಹತ್ತಿತು, ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿ ಉಸಿರು ನಿಲ್ಲಿಸಿತು.

"ಅಯ್ಯೋ ದೇವರೇ! ಟರ್ಬೈನು ನೋಡ್ಕಂಡವ್ರು ಮಾಡ ಕೆಲಸವನ್ರೋ ಇದು?"

"ಎರಡು ಸಲ ಸೋಸಿದ್ನಲೇ" ಎಂದರು, ಬಹಳ ಸಣ್ಣ ದನಿಯಲ್ಲಿ.

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂದು ಗೋಡೆಗೆ ಒರಗಿ ನಿಂತೆ. ಇವರಿಗೂ ನಗು ಬಂತು. ಮಷೀನನ್ನು ತೊಳೆದು ಹಿತ್ತಿಲಲ್ಲಿ ಮಲಗಿಸಿದೆವು.

ಬೆಳಿಗ್ಗೆ ನಗುವ ಹಾಗಿರಲಿಲ್ಲ. ಭಟ್ಟರು ಬರುವ ಮೊದಲು ಊಟದ ಮನೆಗೆ ಗೋಮಯ ಆಗಬೇಕು. ತಂಗಿ ಹೊಸನಗರದಿಂದ ಬರುವುದು ಊಟದ ಹೊತ್ತಿಗೆ. ಮಡಿಯ ದಿನ ಹೊರಗಿನವರನ್ನು ಕರೆಯುವ ಹಾಗಿಲ್ಲ. ನಾನು ಸೆರಗು ಸಿಕ್ಕಿಸಿ ಗೋಡೆ ಹಿಡಿದು ಬಗ್ಗುತ್ತಿದ್ದೆ. ಸ್ನಾನ ಮಾಡಿ ಮಡಿ ಉಟ್ಟು ಬಂದ ಇವರು, "ಕೂರಡ" ಎಂದರು. ಬೋಗುಣಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಎಂತ ಮಾಡವು ಹೇಳು."

ಹೇಳಿದೆ. ಚಿಮುಕಿಸಿ, ಅಂಗೈಯಲ್ಲಿ ಸವರುತ್ತ ಹಿಂದಕ್ಕೆ ಸರಿಯಬೇಕು. ಸವರಿದ್ದನ್ನು ದಾಟಬಾರದು. ಪಂಚೆ ಮೇಲೆ ಕಟ್ಟಿ, ಅಷ್ಟು ದೊಡ್ಡ ಮನುಷ್ಯ ನೆಲಕ್ಕೆ ಕೂತರು. ಮೊದಮೊದಲು ಬೆರಳ ತುದಿಯಲ್ಲಿ, ಬಿಸಿ ಕಾವಲಿ ಮುಟ್ಟುವವರಂತೆ. "ಅಂಗೈ ಊರಿ" ಎಂದು ಗದರಿದೆ. "ಮೂಲೆ ಬಿಟ್ಟುಹೋತು." "ಹೋಯ್, ಅಷ್ಟು ನೀರಲ್ಲ." ಇಂಥ ಅಧಿಕಾರ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ, ಬಿಡುತ್ತೇನೆಯೇ? "ನೆಲ ಎಷ್ಟು ತಣ್ಣಗಿದ್ದು!" ಎಂದು ಇವರು ಆಶ್ಚರ್ಯಪಟ್ಟರು. ಅದರ ಮೇಲೆ ಇಷ್ಟು ವರ್ಷ ನಡೆದಾಡಿದವರು.

ಹಿಂದೆ ಹಿಂದೆ ಸರಿಯುತ್ತ ಆ ಮೂಲೆಗೆ ಬಂದರು. ಕೈ ತೇಪೆಯ ಮೇಲೆ ಹೋಯಿತು, ಮುಂದೆ ಹೋಗಿ ನಿಂತಿತು. ಮತ್ತೆ ಹಿಂದೆ ಬಂತು. ಇವರು ಬೆರಳುಗಳನ್ನು ಅಗಲಿಸಿ ಆ ಗೆರೆಗಳ ಮೇಲೆ ಒಂದೊಂದಾಗಿ ಇಟ್ಟರು. ತಾಯಿಯ ಬೆರಳು ಸಣ್ಣವು, ಇವರದು ದಪ್ಪ, ಸರಿಯಾಗಿ ಕೂರಲಿಲ್ಲ. ಆದರೂ ಹಾಗೇ ಇಟ್ಟುಕೊಂಡು ಕೂತರು.

"ಇದ್ದು" ಎಂದರು.

ಹೊರಗೆ ಭಟ್ಟರ ಸ್ಕೂಟರಿನ ಸದ್ದಾಯಿತು. ಇವರು ಏಳಲಿಲ್ಲ, ನಾನೂ ಏಳಿ ಎನ್ನಲಿಲ್ಲ.

ಮಾರನೇ ದಿನ ಮೇಸ್ತ್ರಿ ಟೇಪು ಹಿಡಿದು ಬಂದಾಗ ಇವರು ಅವನನ್ನು ಸೀದಾ ಬಚ್ಚಲುಮನೆಗೆ ಕರೆದುಕೊಂಡು ಹೋದರು. ಟೈಲ್ಸ್ ಅಲ್ಲಿಗೆ ಮಾತ್ರ ಎಂದರು. ಮಷೀನು ಶಿವಮೊಗ್ಗಕ್ಕೆ ಹೋಗಿ ರಿಪೇರಿಯಾಗಿ ಬಂದಿದೆ. ಇದರ ಪೈಪಿನಲ್ಲಿ ಸಿಕ್ಕಿದ್ದು ಏನು ಎಂದು ಅಲ್ಲಿಯವರು ಕೇಳಿದಾಗ ಇವರು ಮಣ್ಣು ಎಂದರಂತೆ. ಈಗಲೂ ದಿನಾ ಬೆಳಿಗ್ಗೆ ಮನೆಯೆಲ್ಲ ಓಡಿಸುತ್ತಾರೆ. ಊಟದ ಮನೆಯ ಮೂಲೆಗೆ ಬಂದಾಗ ಮಾತ್ರ ಸ್ವಿಚ್ಚು ಒತ್ತಿ ನಿಲ್ಲಿಸಿ, ಮೊಳೆಯಿಂದ ಬಟ್ಟೆ ತೆಗೆದು, ಕೂತು, ಅಷ್ಟನ್ನು ಕೈಯಲ್ಲಿ ಒರೆಸುತ್ತಾರೆ. ಒಂದು ದಿನವಾದರೂ ಅದನ್ನು ನನಗೆ ಬಿಡಿ ಎಂದರೆ, ಡಾಕ್ಟರು ಹೇಳಿದ್ದು ನೆನಪಿಲ್ಯ ಎಂದು ಗದರುತ್ತಾರೆ.